ಕೊನೆಯ ಸಾಲಿನ ಊರು

ಕೋಲಾರದ ಬಸ್ ನಿಲ್ದಾಣದ ಎದುರಿಗೆ ಒಂದು ಕಬ್ಬಿನ ಹಾಲಿನ ಅಂಗಡಿ ಇದೆ. ಅಂಗಡಿಯವನು ಗಾಣದ ಚಕ್ರಕ್ಕೆ ಒಂದು ಸರ ಗೆಜ್ಜೆ ಕಟ್ಟಿದ್ದಾನೆ. ಕಬ್ಬು ಒಳಗೆ ಹೋದಂತೆಲ್ಲ ಅದು ಝಲ್ಲೆನ್ನುತ್ತದೆ. ಬಿಸಿಲಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ಆ ಸದ್ದಿಗೆ ಗಾಣದ ಕಡೆ ತಿರುಗಿ ನೋಡಿದರೆ, ನಾನೊಬ್ಬ ಮಾತ್ರ ಬಗ್ಗಿ ನನ್ನ ಕಾಲು ನೋಡಿಕೊಳ್ಳುತ್ತೇನೆ.

ಹೋದ ವಾರವೂ ಹಾಗೇ ಆಯಿತು. ಲೋಟ ಕೈಗೆ ಕೊಡುತ್ತಿದ್ದವನು ಕೇಳಿದ: "ಏನ್ ಸಾರ್, ಕಾಲಿಗೆ ಏನಾದ್ರೂ ಕಚ್ತಾ?"

"ಇಲ್ಲಪ್ಪ, ಹಳೇದು" ಎಂದೆ. ವಾತದ ನೋವಿರಬೇಕೆಂದು ತಿಳಿದು ಅವನು ಶುಂಠಿ ಸ್ವಲ್ಪ ಜಾಸ್ತಿ ಹಾಕಿಕೊಟ್ಟ. ನಿಮಗಾದರೂ ನಿಜ ಹೇಳಿಬಿಡುತ್ತೇನೆ. ಹದಿನೈದು ವರ್ಷದ ಹಿಂದೆ ಹತ್ತು ದಿನ ನಾನು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ. ಖುಷಿಯಿಂದಲ್ಲ. ಬಿಚ್ಚುವವರಿರಲಿಲ್ಲ, ಅದಕ್ಕೆ.

ಮೊದಲು ನನ್ನ ಸ್ವಭಾವದ ಬಗ್ಗೆ ಎರಡು ಮಾತು. ನಾನು ಚಿಂತೆ ಮಾಡುವುದರಲ್ಲಿ ಪಳಗಿದವನು. ಮನೆಗೆ ಬೀಗ ಹಾಕಿ ಬೀದಿ ತುದಿ ಮುಟ್ಟುವುದರೊಳಗೆ ಎರಡು ಸಲ ಹಿಂದಿರುಗಿ ಬೀಗ ಎಳೆದು ನೋಡುತ್ತೇನೆ. ಬಸ್ಸಿನ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಪಕ್ಕದವರನ್ನೂ ಕೇಳಿ ಕೂರುತ್ತೇನೆ. ಕೂತ ಮೇಲೆ ಮೂವರೂ ಸೇರಿ ನನಗೆ ಮೋಸ ಮಾಡಿರಬಹುದೇ ಎಂದು ಯೋಚಿಸುತ್ತೇನೆ. ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿದವನು. ನಮ್ಮ ತಂದೆಯವರು ಯಾವ ಕೆಲಸಕ್ಕೂ ಮುಹೂರ್ತ ಇಡುತ್ತಿದ್ದರು, ನಾನು ಮುಹೂರ್ತ ತಪ್ಪಿದರೆ ಏನಾದೀತು ಎಂಬುದನ್ನು ಕಲಿತೆ. ಇಂಥವನು ಎಪ್ಪತ್ತರ ದಶಕದ ನಡುವೆ ಬೈರಕೂರಿನ ಹೈಸ್ಕೂಲಿಗೆ ಕನ್ನಡ ಪಂಡಿತನಾಗಿ ಬಂದೆ. ಬಂದ ಎರಡನೆಯ ವರ್ಷಕ್ಕೇ ಒಂದು ನಾಡಿನ ಕೀರ್ತಿಯನ್ನು ನನ್ನ ತಲೆಯ ಮೇಲೆ ಹೊರಿಸಿದರು.

ಕೀರ್ತಿಯ ವಿಚಾರ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಆಗ ಪ್ರತಿ ತಾಲ್ಲೂಕಿನವರಿಗೂ ಹೊರಗಿನವರೆದುರು ಎದೆಯುಬ್ಬಿಸಲು ಒಂದೊಂದು ವಸ್ತುವಿತ್ತು. ಕೋಲಾರದವರು ಚಿನ್ನ ಎನ್ನುತ್ತಿದ್ದರು. ಆ ಚಿನ್ನ ಗಣಿಯಿಂದೆದ್ದು ಸೀದಾ ಇಂಗ್ಲೆಂಡಿಗೆ ಹೋದದ್ದು, ತಮ್ಮ ಮನೆಗೆ ಗುಂಡುಮಣಿಯಷ್ಟೂ ಬಾರದ್ದು ಅವರ ಹೆಮ್ಮೆಗೆ ಅಡ್ಡಿಯಾಗುತ್ತಿರಲಿಲ್ಲ. ಮಾಲೂರಿನವರು ಹೆಂಚು ಎನ್ನುತ್ತಿದ್ದರು. ಶ್ರೀನಿವಾಸಪುರದವರ ಮಾವಿನಹಣ್ಣು ಬೊಂಬಾಯಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತಂತೆ. ಕಣ್ಣಾರೆ ಕಂಡವರಿಲ್ಲ, ಆದರೆ ಆ ತಾಲ್ಲೂಕಿನ ಪ್ರತಿಯೊಬ್ಬರೂ ಹಡಗಿನ ಬಣ್ಣವನ್ನೂ ಹೇಳಬಲ್ಲರು. ನಮ್ಮ ಮುಳಬಾಗಿಲಿಗೆ ಏನಿತ್ತು? ದೋಸೆ. ಅದರ ರುಚಿಯ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ದೋಸೆಯನ್ನು ಹಡಗು ಹತ್ತಿಸಲಾಗದು. ಕಾವಲಿಯಿಂದ ಎಲೆಗೆ ಬರುವುದರೊಳಗೆ ಅದರ ಆಯುಷ್ಯ ಅರ್ಧ ಮುಗಿದಿರುತ್ತದೆ. ಬೈರಕೂರಿನ ಪಂಚಾಯ್ತಿ ಚೇರ್ಮನ್ ಪಿಳ್ಳಪ್ಪನವರು ಈ ಸಂಕಟವನ್ನು ಎದೆಯಲ್ಲಿಟ್ಟುಕೊಂಡೇ ಬಾಳುತ್ತಿದ್ದರು. ಶ್ರೀನಿವಾಸಪುರದ ನೆಂಟರು ಮನೆಗೆ ಬಂದು ಹಡಗಿನ ಮಾತೆತ್ತಿದರೆ, ಅವರು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಅಷ್ಟರಲ್ಲಿ ಕೋಲಾರದ ಕಚೇರಿಯಿಂದ ಒಂದು ಕಾಗದ ಬಂತು. ಹೊರದೇಶದಲ್ಲಿ ನಡೆಯುವ ಜನಪದ ಮೇಳಕ್ಕೆ ಜಿಲ್ಲೆಯಿಂದ ಒಂದು ತಂಡವನ್ನು ಆರಿಸುತ್ತಾರೆ, ಕಲೆ ಈ ನೆಲದ್ದೇ ಆಗಿರಬೇಕು, ಅದರ ಹುಟ್ಟಿನ ಬಗ್ಗೆ ಟಿಪ್ಪಣಿ ಬರೆದು ಕಳಿಸಿ ಎಂದಿತ್ತು. ದೇಶ ಯಾವುದೆಂದು ನನಗೆ ಈಗಲೂ ಖಚಿತವಿಲ್ಲ. ಪಿಳ್ಳಪ್ಪನವರ ಪಾಲಿಗೆ ಸಮುದ್ರದಾಚೆ ಇರುವುದೆಲ್ಲ ಲಂಡನ್ನೇ.

"ಪಂಡಿತ್ರೇ, ನಮ್ಮ ಚೆಕ್ಕಭಜನೆ ಹೋಗ್ಬೇಕು ಲಂಡನ್‌ಗೆ. ಆ ಶ್ರೀನಿವಾಸಪುರದ ಕಡೆ ರಾಯಲ್ಪಾಡಿನೋರೂ ಅರ್ಜಿ ಹಾಕವ್ರಂತೆ. ಅವ್ರ ಮಾವಿನಹಣ್ಣು ಹೋಯ್ತು, ಸರಿ. ಅವ್ರ ಕಾಲೂ ಹೋದ್ರೆ ನಾನು ಈ ಊರಲ್ಲಿ ತಲೆಯೆತ್ತಾಕಾಗಲ್ಲ."

ಚೆಕ್ಕಭಜನೆಯನ್ನು ನೀವು ನೋಡಿರಲಿಕ್ಕಿಲ್ಲ. ಹದಿನಾಲ್ಕು ಜನ ಕೈಯಲ್ಲಿ ಮರದ ಚಿಟಿಕೆ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ವೃತ್ತವಾಗಿ ಹೆಜ್ಜೆ ಹಾಕುತ್ತ ಹಾಡುತ್ತಾರೆ. ಹಾಡು ತೆಲುಗಿನಲ್ಲಿ. ನಮ್ಮ ಕಡೆ ಹಟ್ಟಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡರ ಜೊತೆ ನಾಲ್ಕು ಉರ್ದು ಮಾತು. ಇದರಲ್ಲಿ ಆಗ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಬೈರಕೂರಿನ ತಂಡಕ್ಕೂ ಶ್ರೀನಿವಾಸಪುರದ ಕಡೆಯ ರಾಯಲ್ಪಾಡಿನ ತಂಡಕ್ಕೂ ಗುರು ಒಬ್ಬರೇ. ನರಸಿಂಹಪ್ಪ, ರಾಯಲ್ಪಾಡಿನ ಪಕ್ಕದ ಹಳ್ಳಿಯವರು, ಎಪ್ಪತ್ತರ ಆಸುಪಾಸಿನ ಒಣಕಲು ಮನುಷ್ಯ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ನಲವತ್ತು ದಿನ ಬೈರಕೂರಿನಲ್ಲಿರುತ್ತಿದ್ದರು, ದಿನಕ್ಕೊಂದು ಮನೆಯಲ್ಲಿ ಊಟ, ಸಂಜೆ ಪಾಠ. ಊರಿಗೆ ಎರಡು ಫರ್ಲಾಂಗು ಇರುವಾಗಲೇ, ನಮ್ಮ ಶಾಲೆಯ ಹಿಂದಿನ ಹುಣಸೆ ತೋಪಿನ ಹತ್ತಿರ ಬಸ್ಸಿಳಿದು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ತೋಪು ದಾಟಿ ಬರುತ್ತಿದ್ದರು. ಬುದ್ಧಿವಂತನಾದ ನಾನು ಒಮ್ಮೆ ಕೇಳಿಯೂಬಿಟ್ಟಿದ್ದೆ: "ಏನ್ ಗುರುಗಳೇ, ಚಪ್ಪಲಿ ಸವೆಯುತ್ತೆ ಅಂತ ಉಳಿಸ್ತಿದೀರಾ?"

"ಹೂ ಸಾಮಿ, ಉಳಿಸ್ಕೋಬೇಕಲ್ಲ" ಎಂದು ನಕ್ಕಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದ್ದೆ.

ಆ ವರ್ಷ ನರಸಿಂಹಪ್ಪನವರು ನಲವತ್ತು ದಿನ ಮುಗಿಸಿ ರಾಯಲ್ಪಾಡಿನವರಿಗೆ ಕಲಿಸಲು ಹೊರಟುಹೋದ ಮೇಲೆ ನಮ್ಮ ಕೈಚಳಕ ಶುರುವಾಯಿತು. ಮೊದಲು ಟಿಪ್ಪಣಿ. ಚೆಕ್ಕಭಜನೆ ಹುಟ್ಟಿದ್ದೇ ಮುಳಬಾಗಿಲು ಸೀಮೆಯಲ್ಲಿ ಎಂದು ನಾಲ್ಕು ಪುಟ ಬರೆದೆ. ಆಧಾರವೇನೆಂದು ಕೇಳಬೇಡಿ, ಪೆನ್ನಿನಲ್ಲಿ ಇಂಕಿತ್ತು. ಆಮೇಲೆ ಹಾಡನ್ನು ಕನ್ನಡಕ್ಕೆ ತಿರುಗಿಸಿದೆ. ಕನ್ನಡದ ತಂಡ ತೆಲುಗಿನಲ್ಲಿ ಹಾಡಿದರೆ ಕೋಲಾರದಲ್ಲಿ ಒಪ್ಪುವುದಿಲ್ಲ ಎಂಬ ಚಿಂತೆ ನನ್ನದೇ. ತಿರುಗಿಸಿದ್ದು ಸುಲಭ, ಹೆಜ್ಜೆ ಕೂರಿಸಿದ್ದು ಪ್ರಾಣಸಂಕಟ. ನನ್ನ ವ್ಯಾಕರಣಶುದ್ಧ ಸಾಲಿಗೆ ಕಾಲೆತ್ತಿದ ತಂಡದ ಮುನಿಶಾಮಿ, ಸಾಲು ಮುಗಿದರೂ ಕಾಲಿಳಿಸಲು ಜಾಗ ಸಿಗದೆ ಕೊಕ್ಕರೆಯಂತೆ ನಿಂತುಬಿಡುತ್ತಿದ್ದ. "ಪಂಡಿತ್ರೇ, ಈ ಪದ ನಮ್ಮ ಕಾಲಿಗೆ ಎಟುಕಲ್ಲ, ಇನ್ನೊಂದು ತಕ್ಕೊಟ್ಬಿಡಿ" ಎನ್ನುತ್ತಿದ್ದ, ಬಟ್ಟೆ ಅಂಗಡಿಯಲ್ಲಿ ಕೇಳುವಂತೆ.

ಕೊನೆಗೆ ಉಳಿದದ್ದು ಕೊನೆಯ ಸಾಲು. ಈ ಹಾಡುಗಳಿಗೆ ಒಂದು ಕಟ್ಟಳೆಯಿದೆ. ಮುಗಿಯುವಾಗ ಗುರುವಿನ ಗುರುವನ್ನೂ ಅವನ ಊರನ್ನೂ ಹೆಸರು ಹಿಡಿದು ಹಾಡಬೇಕು, ಹೆಸರು ಬಂದ ಕ್ಷಣ ಎಲ್ಲರೂ ಬಗ್ಗಿ ನೆಲ ಮುಟ್ಟಬೇಕು. ನಮ್ಮದರಲ್ಲಿ ಹೀಗಿತ್ತು: "ಚಿಲಕನಪಲ್ಲಿ ಪಾಪಣ್ಣ ಪಾದಾಲಕು ಮ್ರೊಕ್ಕಿ ಸೆಲವು ತೀಸುಕುಂಟಿಮಿ." ಚಿಲಕನಪಲ್ಲಿಯ ಪಾಪಣ್ಣನ ಪಾದಕ್ಕೆರಗಿ ಅಪ್ಪಣೆ ಪಡೆದೆವು, ಅಷ್ಟೆ.

"ಚಿಲಕನಪಲ್ಲಿ ಎಲ್ಲೈತೆ?" ಎಂದರು ಪಿಳ್ಳಪ್ಪ.

ಯಾರಿಗೂ ಗೊತ್ತಿರಲಿಲ್ಲ. ರಾಯಲ್ಪಾಡಿನ ಕಡೆಯೋ ಅದರಾಚೆ ಆಂಧ್ರದಲ್ಲೋ ಇರಬೇಕು, ಗುರುಗಳು ಆ ಕಡೆಯವರಲ್ಲವೇ ಎಂದೆ.

"ಅಂದ್ರೆ ನಾವು ಲಂಡನ್‌ಗೆ ಹೋಗಿ ಅವ್ರೂರ ಹೆಸ್ರೇಳಿ ನೆಲ ಮುಟ್ಟೋದಾ? ಹೊಡ್ದಾಕಿ ಅದನ್ನ."

ಹೊಡೆದುಹಾಕಿದೆ. ಗುರುಗಳನ್ನು ಒಂದು ಮಾತು ಕೇಳಬೇಕಿತ್ತು ಎಂದು ಆ ಕ್ಷಣವೂ ಅನ್ನಿಸಿತ್ತು. ಬೀಗವನ್ನು ಎರಡು ಸಲ ಎಳೆದು ನೋಡುವವನು ಇದನ್ನೇಕೆ ಒಂದು ಸಲವೂ ಎಳೆದು ನೋಡಲಿಲ್ಲವೋ! "ಮುಳಬಾಗಿಲ ಸೀಮೆಯ ಮಣ್ಣಿಗೆ ಮಣಿದು ಅಪ್ಪಣೆ ಪಡೆದೆವು" ಎಂದು ಬರೆದೆ. ಹೆಜ್ಜೆಯೂ ಕೂತಿತು. ಇಡೀ ಹಾಡಿನಲ್ಲಿ ಕಾಲಿಗೆ ಸರಿಯಾಗಿ ಕೂತ ಸಾಲು ಅದೊಂದೇ ಎಂಬುದು ನನ್ನ ಹೆಮ್ಮೆಯಾಗಿತ್ತು.

ಆಯ್ಕೆಯ ದಿನ ಗುರುವಾರ. ಕೋಲಾರದಲ್ಲಿ ಒಂದು ದೊಡ್ಡ ಸಭಾಂಗಣ, ಮೇಜಿನ ಹಿಂದೆ ಮೂವರು. ಮುನಿಶಾಮಿ ಮೊದಲಾದವರಿಗೆ ಕನ್ನಡದ ಸಾಲು ಬಾಯಿಗೆ ಹತ್ತಿರಲಿಲ್ಲವಾದ್ದರಿಂದ ನಾನು ವೃತ್ತದ ನಡುವೆ ನಿಂತು ಪ್ರತಿ ಸಾಲಿನ ಎತ್ತುಗಡೆ ಹೇಳಿಕೊಡಬೇಕೆಂದಾಯಿತು. ಗೆಜ್ಜೆಯಿಲ್ಲದ ಕಾಲಿನವರು ವೃತ್ತದೊಳಗೆ ನಿಲ್ಲುವಂತಿಲ್ಲ. ಹಾಗಾಗಿ ರಾಯಲ್ಪಾಡಿನವರ ಜೊತೆ ಬಂದಿದ್ದ ನರಸಿಂಹಪ್ಪನವರು ನಮ್ಮ ಹದಿನಾಲ್ಕು ಜನರಿಗೆ ಗೆಜ್ಜೆ ಕಟ್ಟಿದ ಮೇಲೆ ನನ್ನ ಮುಂದೆಯೂ ಕೂತು, "ಪಂಚೆ ಸ್ವಲ್ಪ ಎತ್ಕೊಳ್ಳಿ ಸಾಮಿ" ಎಂದರು. ಅವರು ಟವೆಲನ್ನು ಕೈಮೇಲೆ ಮರೆ ಹಾಕಿಕೊಂಡು, ಏನೋ ಮಣಮಣ ಅನ್ನುತ್ತ ಕೆಂಪು ದಾರದ ಗಂಟು ಹಾಕುತ್ತಿದ್ದರು. ಆ ಗಂಟನ್ನು ಗುರುವೇ ಹಾಕಬೇಕು, ಗುರುವೇ ಬಿಚ್ಚಬೇಕು. ಬೇರೆಯವರು ಕೈಹಾಕಿದರೆ ಕಲಿತದ್ದು ಕಾಲು ಬಿಟ್ಟು ಹೋಗುತ್ತದೆ ಎಂಬ ನಂಬಿಕೆ.

ಕಟ್ಟಿಸಿಕೊಳ್ಳುತ್ತ ಪಿಳ್ಳಪ್ಪನವರ ಕಣ್ಸನ್ನೆಗೆ ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಗುರುಗಳೇ, ಹಾಡು ಕನ್ನಡಕ್ಕೆ ತಿರುಗಿಸಿದೀವಿ."

"ತಿರುಗಿಸಿ ಸಾಮಿ, ಭಾಷೆ ಯಾವ್ದಾದ್ರೇನು! ಅಡುಗು, ಅದೇ ಹೆಜ್ಜೆ, ತಪ್ಪಬಾರ್ದು, ಅಷ್ಟೇ."

ಇನ್ನೊಂದು ಮಾತು ಹೇಳುವುದು ಬಾಕಿಯಿತ್ತು. ಹೇಳಲಿಲ್ಲ.

ರಾಯಲ್ಪಾಡಿನವರದು ಮೊದಲಾಯಿತು, ಅವರ ಗೆಜ್ಜೆ ಬಿಚ್ಚಿ ಗುರುಗಳು ಬಾಗಿಲ ಹತ್ತಿರ ಬಂದು ನಿಂತರು. ನಮ್ಮದು ಶುರುವಾಯಿತು. ಸ್ವಾಮಿ, ಆ ದಿನ ನಮ್ಮವರು ಎಂಥಾ ಹೆಜ್ಜೆ ಹಾಕಿದರೆಂದರೆ, ನನ್ನ ಕನ್ನಡವನ್ನೂ ಮೀರಿ ಚೆನ್ನಾಗಿತ್ತು. ಕೊನೆಯ ಸಾಲು ಬಂತು. ಗುರುಗಳು ಅಭ್ಯಾಸದಂತೆ ಟವೆಲನ್ನು ಸೊಂಟಕ್ಕಿಳಿಸಿ, ಕೈಜೋಡಿಸಿ, ನೆಲ ಮುಟ್ಟಲು ಬಗ್ಗಿದರು. ನಾವು "ಮುಳಬಾಗಿಲ ಸೀಮೆಯ" ಎಂದೆವು.

ಅವರು ಅರ್ಧ ಬಗ್ಗಿದಲ್ಲೇ ನಿಂತುಬಿಟ್ಟರು. ಕೈ ನೆಲಕ್ಕೆ ಒಂದು ಗೇಣು ಮೇಲೆ. ಹೆಸರು ಇನ್ನೇನು ಬರುತ್ತದೆ ಎಂದು ಕಾಯುವವರ ಹಾಗೆ. ಸಾಲು ಮುಗಿಯಿತು, ನಮ್ಮವರೆಲ್ಲ ಬಗ್ಗಿ ನೆಲ ಮುಟ್ಟಿ ಎದ್ದರು, ಚಪ್ಪಾಳೆ ಬಿತ್ತು. ಮುದುಕರು ಆ ಅರ್ಧದಿಂದ ಮೆಲ್ಲಗೆ ನೆಟ್ಟಗಾಗಿ, ನನ್ನ ಮುಖವನ್ನೊಮ್ಮೆ ನೋಡಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದರು. ಆ ಮುಖದಲ್ಲಿ ಕೋಪವಿದ್ದಿದ್ದರೆ ನನಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಮನೆಗೆ ಬಂದರೆ ಬಾಗಿಲೇ ಇಲ್ಲದ ಗೋಡೆ ಎದುರಾದವನ ಮುಖ ಅದು.

ಬೈರಕೂರಿನ ತಂಡ ಆಯ್ಕೆಯಾಗಿದೆ ಎಂದು ಮೇಜಿನ ಹಿಂದಿನವರು ಸಾರಿದರು. ಪಿಳ್ಳಪ್ಪನವರು ನನ್ನನ್ನು ತಬ್ಬಿಕೊಂಡರು. ರಾಯಲ್ಪಾಡಿನವರಲ್ಲೊಬ್ಬ, "ಲೇ, ದೋಸೆ ತಿಂದು ಕುಣಿಯೋರಾ, ಗುರುಗಳು ಯಾಕೋ ಎದ್ದುಹೋದ್ರು, ನೋಡಿದ್ರೇನ್ಲಾ?" ಎಂದು ಕೂಗಿದ. ಆಗಲೇ ಎಲ್ಲರೂ ಕಾಲು ನೋಡಿಕೊಂಡದ್ದು. ಗೆಜ್ಜೆ ಬಿಚ್ಚುವವರು ಹೊರಟುಹೋಗಿದ್ದಾರೆ.

ಬಸ್ ನಿಲ್ದಾಣದವರೆಗೂ ಹುಡುಕಿದೆವು. ಶ್ರೀನಿವಾಸಪುರದ ಬಸ್ಸು ಹೋಗಿ ಕಾಲು ಗಂಟೆಯಾಗಿತ್ತು. ಹದಿನೈದು ಜನ ಗಂಡಸರು ಝಲ್ ಝಲ್ಲೆಂದು ಮುಳಬಾಗಿಲಿನ ಬಸ್ಸು ಹತ್ತಿದೆವು.

"ಏನ್ ಸಾಮಿ, ಮದುವೆ ಎತ್ತುಗಳಾ? ಹಿಂದ್ಗಡೆ ಹೋಗಿ ಕಟ್ಹಾಕ್ಕೊಳ್ಳಿ" ಎಂದ ಕಂಡಕ್ಟರ್. ಹಿಂದೆಯೇ ಹೋಗಿ ಕೂತೆವು.

ಕತ್ತರಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಮನೆಮನೆಯಲ್ಲೂ ಇತ್ತು. ದೇವರಿಲ್ಲ ಎಂದು ಟೀ ಅಂಗಡಿಯಲ್ಲಿ ದಿನಾ ವಾದಿಸುತ್ತಿದ್ದ ಕೃಷ್ಣಪ್ಪನೂ ಆ ಹದಿನಾಲ್ಕರಲ್ಲಿದ್ದ. ಅವನೇ ಕತ್ತರಿ ತಂದ, ದಾರದ ಹತ್ತಿರ ಹಿಡಿದ, ಬೆವೆತ, ವಾಪಸ್ಸು ಇಟ್ಟ. "ದೇವ್ರ ವಿಷ್ಯ ಬೇರೆ, ಗುರುಗಳ ವಿಷ್ಯ ಬೇರೆ ಕಣ್ರಲೇ" ಎಂದ. ಮರುದಿನದಿಂದ ಊರಿನ ಬದುಕು ಬದಲಾಯಿತು. ಹೊಲದಲ್ಲಿ ಯಾರು ಎಲ್ಲಿದ್ದಾರೆಂದು ಹೆಂಡತಿಯರಿಗೆ ಮನೆಯಿಂದಲೇ ತಿಳಿಯತೊಡಗಿತು. ಮುನಿಶಾಮಿಯ ಹೆಂಡತಿ, "ಇಪ್ಪತ್ತು ವರ್ಷದಾಗೆ ಇವ್ನು ಸಾಯಂಕಾಲ ಎಲ್ಲಿಗೋಗ್ತಾನೆ ಅಂತ ಈಗ ಗೊತ್ತಾಯ್ತು" ಎಂದು ಹೆಂಡದಂಗಡಿಯ ಬಾಗಿಲಿಗೇ ಬಂದಳು. ನಾನು ತರಗತಿಗೆ ಹೋಗುವ ಮೊದಲೇ ನನ್ನ ಸದ್ದು ಹೋಗುತ್ತಿತ್ತು. ಹೆಡ್ಮಾಸ್ಟರು, "ಒಳ್ಳೇದೇ ಆಯ್ತು ಪಂಡಿತ್ರೇ, ಗಂಟೆ ಹೊಡೆಯೋ ಜವಾನ ರಜ ಕೇಳಿದಾನೆ" ಎಂದರು. ಮನೆಯಲ್ಲಿ ನಮ್ಮ ತಾಯಿ ಮಾತ್ರ ನಗಲಿಲ್ಲ. "ಏನು ಮಾಡಿ ಬಂದಿದೀಯೋ?" ಎಂದು ಕೇಳಿದಳು. ಏನು ಮಾಡಿದ್ದೇನೆಂದು ನನಗೇ ಪೂರ್ತಿ ಗೊತ್ತಿರಲಿಲ್ಲ.

ಭಾನುವಾರ ರಾಯಲ್ಪಾಡಿಗೆ ಹೋದೆ. ಹೋಗುವವನು ನಾನೇ ಎಂಬುದರಲ್ಲಿ ಊರಿಗೆ ಎರಡು ಅಭಿಪ್ರಾಯವಿರಲಿಲ್ಲ. ಗೆಜ್ಜೆಗೆ ಬಟ್ಟೆ ಸುತ್ತಿಕೊಂಡಿದ್ದೆ, ಆದರೂ ಶ್ರೀನಿವಾಸಪುರದಲ್ಲಿ ಬಸ್ಸು ಬದಲಾಯಿಸುವಾಗ ಒಂದು ಹೋರಿ ಬೆದರಿತು. ರಾಯಲ್ಪಾಡಿನಲ್ಲಿಳಿದು ನಡೆದರೆ ನರಸಿಂಹಪ್ಪನವರ ಹಳ್ಳಿ, ಮನೆ ಊರಾಚೆ, ಟೊಮೇಟೊ ತೋಟದ ಪಕ್ಕ. ಅವರ ಹೆಂಡತಿ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆಯೆತ್ತದೆಯೇ, "ಪಂತುಲುಗಾರಾ? ಸದ್ದು ಕೇಳಿಸ್ತು, ರಾ ನಾಯ್ನಾ, ಕೂತ್ಕೋ" ಎಂದರು.

ಒಳಗೆ ಗುರುಗಳಿದ್ದಾರೆಂದು ತಿಳಿಯುತ್ತಿತ್ತು. ಮರದ ಚಿಟಿಕೆಯನ್ನು ಉಜ್ಜುವ ಸರ್ರ್ ಸರ್ರ್ ಸದ್ದು ಕೇಳುತ್ತಿತ್ತು. ನಾನು ಆ ಸದ್ದಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದೆ: "ತಪ್ಪಾಯ್ತಮ್ಮ. ಲಂಡನ್‌ಗೆ ಹೋಗೋ ಆಸೆ. ನಮ್ಮೂರ ತಂಡ ನಮ್ಮೂರ ಹೆಸರೇ ಹೇಳಲಿ ಅಂತ ಪರವೂರ ಹೆಸರು ತೆಗೆದುಬಿಟ್ವಿ."

ಬೀಜ ಬಿಡಿಸುತ್ತಿದ್ದ ಕೈ ನಿಂತಿತು. "ಪರವೂರಾ? ಯಾವ್ದು ಪರವೂರು?"

"ಚಿಲಕನಪಲ್ಲಿ."

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. "ಅಯ್ಯೋ ಪಿಚ್ಚಿನಾಯ್ನಾ! ಚಿಲಕನಪಲ್ಲಿ ಅಂದ್ರೆ ನಿಮ್ಮೂರೇ ಕದಾ. ನಿಮ್ಮ ಇಸ್ಕೂಲಿನ ಹಿಂದೆ, ಚಿಂತತೋಪು, ಹುಣಸೆಮರ ಐತಲ್ಲ, ಅದೇ. ಪ್ಲೇಗ್ನಾಗೆ ಊರೆಲ್ಲಾ ಹೋಯ್ತು. ಪಾಪಣ್ಣ ತಾತ ಒಬ್ಬನೇ, ಒಂದು ಗೋಣಿಚೀಲದಾಗೆ ಗೆಜ್ಜೆ ತುಂಬ್ಕೊಂಡು, ನಡ್ಕೊಂಡು ಇಲ್ಲಿಗ್ಬಂದ. ನಮ್ಮೋರಿಗೆ ಕಲಿಸಿದ. ಸಾಯೋವಾಗ ಒಳಗಿರೋ ಈಯಪ್ಪನ ಕೈ ಹಿಡ್ಕೊಂಡು, 'ವರ್ಷಕ್ಕೊಂದಪ ನಮ್ಮೂರಿಗೆ ಹೋಗಿ ಆಡ್ಸಿ ಬಾ ರಾ' ಅಂದ. ಅದಕ್ಕೇ ಬರ್ತಾನೆ. ನಿಮ್ಮನೆ ಊಟಕ್ಕೆ ಬರ್ತಾನೆ ಅಂದ್ಕೊಂಡ್ರಾ?"

ಒಳಗೆ ಉಜ್ಜುವ ಸದ್ದು ನಿಂತಿತ್ತು. ನಾನು ಕಾದೆ. ಗುರುಗಳು ಹೊರಗೆ ಬರಲಿಲ್ಲ. ಕೊನೆಗೆ ಆಕೆಯೇ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಹಾಡು ಸರ್ಯಾಗಿ ಹಾಡಿದ್ರೆ ಆಯನೇ ಬರ್ತಾನೆ. ಕರೆಯೋದೇನೂ ಬ್ಯಾಡ" ಎಂದರು.

ವಾಪಸ್ಸು ಬರುವ ದಾರಿಯಲ್ಲಿ ನಾನು ಅದನ್ನು ನಂಬಬಾರದೆಂದು ಪ್ರಯತ್ನಪಟ್ಟೆ. ಮುದುಕಿ ಏನೋ ಹೇಳಿದಳು, ಆಧಾರ ಬೇಡವೇ ಎಂದುಕೊಂಡೆ. ಆಧಾರವಿಲ್ಲದೆ ನಾಲ್ಕು ಪುಟ ಬರೆದವನಿಗೆ ಆಗ ಇದ್ದಕ್ಕಿದ್ದಂತೆ ಆಧಾರದ ಮೇಲೆ ಭಕ್ತಿ ಬಂದಿತ್ತು. ಬೈರಕೂರಿನಲ್ಲಿ ಇಳಿದವನೇ ಪಿಳ್ಳಪ್ಪನವರನ್ನು ಕರೆದುಕೊಂಡು ಹಳೆಯ ಶಾನುಭೋಗರ ಮನೆಗೆ ಹೋದೆ. ಅವರು ತಗಡಿನ ಕೊಳವೆಯಿಂದ ಹಳದಿಗಟ್ಟಿದ ನಕ್ಷೆಯೊಂದನ್ನು ತೆಗೆದು ಚಾಪೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟರು. ಕೆರೆ, ಕೋಡಿ, ನಮ್ಮ ಶಾಲೆ ಇರುವ ಜಾಗ, ಅದರ ಹಿಂದೆ ಚುಕ್ಕೆಚುಕ್ಕೆಯ ಗೆರೆಯೊಳಗೆ ಸಣ್ಣ ಅಕ್ಷರದಲ್ಲಿ: ಚಿಲಕನಪಲ್ಲಿ, ಬೇಚಿರಾಕ್.

"ಬೇಚಿರಾಕ್ ಅಂದ್ರೆ ದೀಪ ಹಚ್ಚೋರಿಲ್ಲದ ಊರು" ಎಂದರು ಶಾನುಭೋಗರು. "ಯಾಕೆ, ನಿಮಗೆ ಗೊತ್ತಿರಲಿಲ್ವೆ?"

ಪಿಳ್ಳಪ್ಪನವರು ನಕ್ಷೆಯ ಮೇಲೆ ಬೆರಳಿಟ್ಟರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಅಕ್ಷರಗಳ ಮೇಲೆ ಬೆರಳು ಹೋಗುತ್ತಿತ್ತು, ಬರುತ್ತಿತ್ತು. "ಅಂದ್ರೆ," ಎಂದರು ಕೊನೆಗೆ, "ರಾಯಲ್ಪಾಡಿನೋರು ಇಷ್ಟು ವರ್ಷ ನಮ್ಮೂರ ಹೆಸರೇಳಿ ನೆಲ ಮುಟ್ಟವ್ರೆ. ನಾವು ಹೊಡ್ದಾಕಿದ್ವಿ."

ನನ್ನ ನಾಲ್ಕು ಪುಟಗಳ ಸುಳ್ಳಿನಲ್ಲಿ ನಮ್ಮ ಊರಿನ ಮಟ್ಟಿಗೆ ಒಂದು ನಿಜವಿತ್ತು. ಅದಕ್ಕಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ಅಡ್ಡಗೆರೆ ಎಳೆದು ತೆಗೆದಿದ್ದೆ. ಆ ಚಾಪೆಯ ಮೇಲೆ ಕೂತಲ್ಲಿಯೇ ನನಗೆ ಚಪ್ಪಲಿಯ ಹಾಸ್ಯ ನೆನಪಾಯಿತು, ಸ್ಟಾಫ್ ರೂಮಿನ ನಗು ನೆನಪಾಯಿತು. ಕಾಲು ಅಲುಗಿತೋ ಏನೋ, ಗೆಜ್ಜೆ ಸಣ್ಣಗೆ ಸದ್ದು ಮಾಡಿತು.

ಮುಂದಿನ ಭಾನುವಾರ ಬೆಳಿಗ್ಗೆ ತೋಪಿನಲ್ಲಿ ಹಾಡುವುದೆಂದು ತೀರ್ಮಾನವಾಯಿತು. ರಾಯಲ್ಪಾಡಿನ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸುದ್ದಿ ಕಳಿಸಿದೆವು, ಕರೆಯಲಿಲ್ಲ. ಹದಿನಾಲ್ಕು ಜನ ಹುಣಸೆಮರಗಳ ನಡುವೆ ಚಪ್ಪಲಿ ಬಿಟ್ಟು ನಿಂತರು. ಮೊದಲ ಬಸ್ಸು ರಸ್ತೆಯಲ್ಲಿ ನಿಂತು ಮುಂದೆ ಹೋಯಿತು. ಯಾರೂ ತಿರುಗಿ ನೋಡಲಿಲ್ಲ, ಹಾಡು ಶುರು ಮಾಡಿದರು. ತೆಲುಗಿನಲ್ಲೇ. ಮುನಿಶಾಮಿಯ ಕಾಲು ಎಲ್ಲಿ ಇಳಿಯಬೇಕೋ ಅಲ್ಲಿ ಇಳಿಯಿತು. ಕೊನೆಯ ಸಾಲು ಬಂತು, ಚಿಲಕನಪಲ್ಲಿ ಎಂದರು, ಎಲ್ಲರ ಜೊತೆ ನಾನೂ ಬಗ್ಗಿ ನೆಲ ಮುಟ್ಟಿದೆ. ತಲೆಯೆತ್ತಿದಾಗ ಗುರುಗಳು ವೃತ್ತದ ಅಂಚಿನಲ್ಲಿ ಇನ್ನೂ ನೆಲಕ್ಕೆ ಕೈ ಊರಿಕೊಂಡೇ ಇದ್ದರು, ಚಪ್ಪಲಿ ಪಕ್ಕದಲ್ಲಿತ್ತು.

ಆಮೇಲೆ ಅವರು ಎದ್ದರು. ಒಬ್ಬೊಬ್ಬರ ಮುಂದೆ ಕೂತು, ಟವೆಲ್ ಮರೆ ಮಾಡಿ, ಗೆಜ್ಜೆ ಬಿಚ್ಚುತ್ತ ಬಂದರು. ಬಿಚ್ಚಿಸಿಕೊಂಡವರು ಕಾಲು ಸವರಿಕೊಂಡು ಚಿಕ್ಕ ಮಕ್ಕಳಂತೆ ನಗುತ್ತಿದ್ದರು. ಹದಿನಾಲ್ಕಾಯಿತು. ನಾನು ಪಂಚೆ ಎತ್ತಿಕೊಂಡು ನಿಂತೆ. ಗುರುಗಳು ಮಂಡಿ ಹಿಡಿದು ಎದ್ದು ನಿಂತರು.

"ಸಾಮಿ, ನಿಮ್ದು ನೀವೇ ಬಿಚ್ಕೊಳ್ಳಿ" ಎಂದರು.

ಗದರಿಸಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಾನು ಪಂಚೆ ಇಳಿಸುವಷ್ಟರಲ್ಲಿ ಅವರು ಆಗಲೇ ಚಪ್ಪಲಿ ಕೈಗೆತ್ತಿಕೊಂಡು ತೋಪು ದಾಟುತ್ತಿದ್ದರು.

ಆಮೇಲಿನದು ಬೇಗ ಮುಗಿಯುತ್ತದೆ. ನಾನೂ ಪಿಳ್ಳಪ್ಪನವರೂ ಕೋಲಾರಕ್ಕೆ ಹೋಗಿ, ಕೊನೆಯ ಸಾಲು ತಿದ್ದಬೇಕು, ಚಿಲಕನಪಲ್ಲಿ ಎಂದೇ ಹಾಡುತ್ತೇವೆ ಎಂದೆವು. ಅಲ್ಲಿದ್ದವರು ಊರುಗಳ ಪಟ್ಟಿ ತೆಗೆದು ನೋಡಿ, "ಇಂಥ ಊರೇ ಇಲ್ಲವಲ್ಲ! ಹೆಸರು ಕೇಳಿದರೆ ಆಂಧ್ರದ್ದು ಅನ್ನುತ್ತಾರೆ. ಈಗಿರುವ ಸಾಲೇ ಚೆನ್ನಾಗಿದೆ. ಅಲ್ಲಿ ಕೇಳುವವರಿಗೆ ಏನು ತಿಳಿಯುತ್ತೆ? ಸಹಿ ಹಾಕಿ" ಎಂದರು. ಕಾಗದ ಮುಂದೆ ಬಂತು. ಪಿಳ್ಳಪ್ಪನವರು ಆಗಲೇ ಮುಳಬಾಗಿಲಿನಲ್ಲಿ ಒಂದು ಕೋಟು ಹೊಲಿಸಿದ್ದರು. ಲಂಡನ್ನಿನಲ್ಲಿ ಚಳಿ ಎಂದು ಯಾರೋ ಹೇಳಿದ್ದರಂತೆ. ನಾನು ಅವರ ಮುಖ ನೋಡುತ್ತ, ಹೆಬ್ಬೆಟ್ಟಿಗೆ ಮಸಿ ತಗೊಳ್ಳುತ್ತಾರೆಂದು ಖಚಿತವಾಗಿ ನಂಬಿ ಕೂತಿದ್ದೆ.

"ಊರೇ ಇಲ್ವಾ ಸಾಮಿ? ಹಂಗಾದ್ರೆ ನಮ್ಮ ಹುಡುಗ್ರು ಹೋದ್ಭಾನುವಾರ ನಿಂತಿದ್ದು ಎಲ್ಲಿ?" ಎಂದರು ಪಿಳ್ಳಪ್ಪ. ಆಮೇಲೆ ಕಾಗದವನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿ, "ಬ್ಯಾಡ ಬಿಡಿ. ನಾವು ಹೋಗಲ್ಲ" ಎಂದರು.

ರಾಯಲ್ಪಾಡಿನವರನ್ನು ಕರೆದರು. ಅವರೂ ಅದೇ ಊರಿನ ಹೆಸರು ಹೇಳುವುದರಿಂದ ಅವರೂ ಕೂಡದೆಂದಾಯಿತು. ಕೊನೆಗೆ ಈ ಜಗಳದಲ್ಲೆಲ್ಲೂ ಇಲ್ಲದ ಮಾಲೂರಿನ ಒಂದು ಕೋಲಾಟದ ತಂಡ ವಿಮಾನ ಹತ್ತಿತು. ಅದರಲ್ಲಿ ಹೋಗಿಬಂದವನೊಬ್ಬ ಮುಂದೊಮ್ಮೆ ನನಗೆ ಮದುವೆಯ ಪಂಕ್ತಿಯಲ್ಲಿ ಸಿಕ್ಕಿದ್ದ. ಅಲ್ಲಿ ಯಾವ ಊರಿನವರೆಂದು ಕೇಳಿದರೇ ಎಂದು ವಿಚಾರಿಸಿದೆ. "ಇಂಡಿಯಾ ಅಂದ್ವಿ. ಅಷ್ಟಕ್ಕೇ ಖುಷಿಪಟ್ರು" ಎಂದ. ಅದೇ ಮದುವೆಗೆ ಪಿಳ್ಳಪ್ಪನವರು ಕೋಟು ಹಾಕಿಕೊಂಡು ಬಂದಿದ್ದರು. ವೈಶಾಖದ ಧಗೆಯಲ್ಲಿ ಅವರೊಬ್ಬರೇ ಗುಂಡಿ ಹಾಕಿಕೊಂಡು ಕೂತಿದ್ದರು.

ನನ್ನ ಗೆಜ್ಜೆ? ನೀವೇ ಬಿಚ್ಚಿಕೊಳ್ಳಿ ಎಂದ ಮಾತನ್ನು ನಾನು ಶಾಪವೆಂದೇ ತಿಳಿದೆ. ಗಂಟಿಗೆ ಕೈಹಾಕುವ ಧೈರ್ಯ ಬರಲಿಲ್ಲ. ಅದೇ ದಿನ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹರಳೆಣ್ಣೆ ಸವರಿ, ಹಿಮ್ಮಡಿಯ ಚರ್ಮ ಕಿತ್ತು ಬರುವಂತೆ ಎಳೆದು ಕಾಲಿನಿಂದ ಜಾರಿಸಿದೆ. ಗಂಟು ಹಾಗೇ ಉಳಿಯಿತು. ಎರಡು ವರ್ಷದ ಮೇಲೆ ನರಸಿಂಹಪ್ಪನವರು ತೀರಿಹೋದರೆಂದು ಕಂಡಕ್ಟರನ ಬಾಯಲ್ಲೇ ಸುದ್ದಿ ಬಂತು. ಆಮೇಲೆ ನನಗೆ ಕೋಲಾರಕ್ಕೆ ವರ್ಗವಾಯಿತು. ಗೆಜ್ಜೆ ಪೆಟ್ಟಿಗೆಯ ತಳ ಸೇರಿತು. ಕ್ಷಮೆ ಸಿಗದವನ ಕಾಗದಪತ್ರದಂತೆ ಅದನ್ನು ಮನೆಯಿಂದ ಮನೆಗೆ ಹೊತ್ತು ತಿರುಗಿದೆ.

ಹೋದ ವಾರ ಶುಂಠಿ ಖಾರದ ಕಬ್ಬಿನ ಹಾಲು ಕುಡಿದು ಲೋಟ ಇಟ್ಟವನು, ಮನೆಗೆ ಹೋಗುವ ಬದಲು ಬೈರಕೂರಿನ ಬಸ್ಸು ಹತ್ತಿದೆ. ಬೋರ್ಡು ಓದಿದೆನೇ ಹೊರತು ಯಾರನ್ನೂ ಕೇಳಲಿಲ್ಲ. ಶಾಲೆ ದೊಡ್ಡದಾಗಿದೆ. ತೋಪಿನಲ್ಲಿ ಆರೇಳು ಮರ ಉಳಿದಿವೆ. ಚಪ್ಪಲಿ ಬಿಟ್ಟು, ಸುತ್ತ ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡು, ಆ ಸಾಲನ್ನು ಒಬ್ಬನೇ ಹಾಡಿದೆ. ನನ್ನ ದನಿಗೆ ನನಗೇ ನಾಚಿಕೆಯಾಯಿತು. ಆದರೆ ಊರಿನ ಹೆಸರು ಬಂದಾಗ ಬೆನ್ನು ತಾನಾಗಿ ಬಗ್ಗಿತು.

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಗೆಜ್ಜೆಯನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಹಾಕಿಕೊಂಡು, ಹದಿನೈದು ವರ್ಷದಲ್ಲಿ ಮೊದಲ ಬಾರಿ ಆ ಗಂಟನ್ನು ಹತ್ತಿರದಿಂದ ನೋಡಿದೆ. ಕೆಂಪು ದಾರ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಒಂದು ತುದಿ ಸ್ವಲ್ಪ ಹೊರಗೆ ಚಾಚಿತ್ತು. ಸುಮ್ಮನೆ ಹಿಡಿದು ಎಳೆದೆ.

ಇಡೀ ಗಂಟು ಒಂದೇ ಎಳೆತಕ್ಕೆ ಸಡಿಲಾಗಿ ತೊಡೆಯ ಮೇಲೆ ಬಿತ್ತು.

ನಾನು ಬೆಚ್ಚಿಬಿದ್ದೆ. ಒಳಗಿನಿಂದ ಹೆಂಡತಿ, "ಏನ್ರೀ ಅದು ಸದ್ದು?" ಎಂದಳು. ಜಾರುಗಂಟು! ಹದಿನೈದು ಜನ ಹತ್ತು ದಿನ ಊರೆಲ್ಲ ಸದ್ದು ಮಾಡಿಕೊಂಡು ತಿರುಗಿದ್ದು, ಕೃಷ್ಣಪ್ಪ ಕತ್ತರಿ ಹಿಡಿದು ಬೆವೆತದ್ದು, ನಾನು ಹಿಮ್ಮಡಿ ಕಿತ್ತುಕೊಂಡದ್ದು, ಎಲ್ಲ ಇದಕ್ಕೆ. ಟವೆಲಿನ ಮರೆಯಲ್ಲಿ ಆ ಮುದುಕರು ಇಷ್ಟನ್ನೇ ಮುಚ್ಚಿಟ್ಟಿದ್ದರು. ಹದಿನಾಲ್ಕು ಜನರಿಗೆ ತೋರಿಸದ ಗುಟ್ಟನ್ನು ನನಗೊಬ್ಬನಿಗೆ ಬಾಯಿಬಿಟ್ಟು ಹೇಳಿಯೂ ಹೋಗಿದ್ದರು. ನಾನು ಎಳೆದು ನೋಡಲಿಲ್ಲ.

ಹಾಗಿದ್ದರೆ ಮತ್ತೆ ಕಟ್ಟಿಡೋಣವೆಂದು ದಾರ ಕೈಗೆತ್ತಿಕೊಂಡೆ. ಅದೇ ಎರಡು ಮಡಿಕೆ, ಅದೇ ಸುತ್ತು. ಕಟ್ಟಿದೆ, ಜಾರಿತು. ಮತ್ತೆ ಕಟ್ಟಿದೆ, ಬಿಗಿದುಕೊಂಡು ಬಿಚ್ಚಲು ಬಾರದಂತಾಯಿತು, ಹಲ್ಲಿನಿಂದ ಬಿಡಿಸಿದೆ. ದೀಪ ಹಚ್ಚುವ ಹೊತ್ತಾಯಿತು. ಈ ವಾರವೆಲ್ಲ ಪ್ರತಿ ಸಂಜೆ ಕೂತು ಪ್ರಯತ್ನಿಸುತ್ತಿದ್ದೇನೆ. ಗಂಟು ಇನ್ನೂ ಕೂತಿಲ್ಲ.